ಅಮೃತಾಳ ಕಾಲ್ಗುಣ

ಪಂಚಮಿ ಮುಗಿದು ವಾರ ಕಳೆದಿತ್ತು. ಆಷಾಢಕ್ಕೆಂದು ಕುಷ್ಟಗಿಯ ತವರಿಗೆ ಹೋದ ಹೊಸ ಸೊಸೆ ಅಮೃತಾಳನ್ನು ಕರೆತರಲು ಕಾರಟಗಿಯಿಂದ ಯಾರೂ ಹೋಗಿರಲಿಲ್ಲ. ಗಂಡನ ಮನೆಯವರೇ ಹೋಗಿ ಕರೆಯಬೇಕು. ಕರೆಯದೆ ಬಿಟ್ಟರೆ ಊರು ಅದಕ್ಕೆ ಬೇರೆ ಅರ್ಥ ಹಚ್ಚುತ್ತದೆ. ಅತ್ತೆ ಕಸ್ತೂರೆಮ್ಮನಿಗೆ ಇದು ಗೊತ್ತಿತ್ತು. ಆದರೆ ಬೆಳಗಾದರೆ ಒಲೆ, ಎಮ್ಮೆ, ಅದರ ಮೇಲೆ ಅಕ್ಕಿ ಗಿರಣಿಯಲ್ಲಿ ಬಿದ್ದು ಕಾಲು ಮುರಿದುಕೊಂಡ ಗಂಡ ಗೋಣೆಪ್ಪನ ಆರೈಕೆ. ಯೋಚಿಸುವುದಕ್ಕೂ ಮೈಯಲ್ಲಿ ಕಸುವು ಉಳಿಯುತ್ತಿರಲಿಲ್ಲ.

ಯೋಚಿಸುವ ಕೆಲಸವನ್ನು ನಾದಿನಿ ಹಂಪವ್ವ ವಹಿಸಿಕೊಂಡಿದ್ದಳು.

"ನೋಡು ವೈನಿ, ಆಕಿ ಬಂದಳು, ಎಮ್ಮಿ ಹಾಲು ಬತ್ತಿತು, ಅಣ್ಣ ಕಾಲು ಮುರ್ಕೊಂಡ. ಆಕಿ ಹ್ವಾದಳು, ಎಮ್ಮಿ ಈತು, ಅಣ್ಣ ಕೋಲು ಹಿಡ್ದು ಅಡ್ಡಾಡಾಕ ಹತ್ಯಾನ. ಕಾಲ್ಗುಣ ಅಂದ್ರ ಇದೇ. ದೀಪಾವಳಿತನಕ ಅಲ್ಲೇ ಇರಲಿ."

"ನೀ ಹೆಂಗಂತಿ ಹಂಗ, ಯವ್ವಾ," ಎಂದ ಮಗ ಕನಕರಾಜ ತಾಯಿಗೆ, ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದು.

ಕಸ್ತೂರೆಮ್ಮ ಆ ಅರ್ಧ ರೊಟ್ಟಿಯನ್ನೇ ನೋಡುತ್ತ ಕುಳಿತಳು. ಗಬ್ಬದ ಎಮ್ಮೆ ಈಯುವ ಮುಂಚೆ ಹಾಲು ಬತ್ತಿಸದೆ ಇನ್ನೇನು ಮಾಡೀತು? ಆದರೆ ಕಾಲ್ಗುಣದ ಮಾತು ಈ ಮನೆಯಲ್ಲಿ ಮೊದಲು ಆಡಿದವಳು ತಾನೇ. ಮದುವೆಯ ವಾರದಲ್ಲೇ ಕನಕರಾಜನಿಗೆ ಪಂಚಾಯ್ತಿಯಲ್ಲಿ ಕೆಲಸವಾದಾಗ, "ನಮ್ಮ ಸೊಸಿ ಕಾಲ್ಗುಣ ನೋಡ್ರಿ" ಎಂದು ಓಣಿಗೆಲ್ಲ ಪೇಡೆ ಹಂಚಿದ್ದಳು.

ಎಂ.ಎ. ಸಮಾಜಶಾಸ್ತ್ರದ ಪರೀಕ್ಷೆಗೆ ಓದುತ್ತಿದ್ದ ಅಮೃತಾ ಅಂದು ಶೇಂಗಾ ಸುಲಿಯುತ್ತಲೇ ಹೇಳಿದ್ದಳು: "ಅತ್ತಿ, ಅವ್ರು ಪರೀಕ್ಷೆ ಬರ್ದದ್ದು ಹೋದ ವರ್ಷ. ಆವಾಗ ನಾ ಯಾರಂತ ನಿಮಗ ಗೊತ್ತಿತ್ತೇನ್ರಿ? ನಾ ಬರದಿದ್ರ ಏನಾಗ್ತಿತ್ತು ಅಂತ ಕೇಳ್ಬೇಕು. ಅದಂತೂ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ ಹೊಸಾ ಸೊಸಿ ಬರದ, ನಮ್ಮಂಥದ್ದೇ ಇನ್ನೊಂದು ಮನಿ ನೋಡ್ಬೇಕು. ಇವತ್ತು ಒಳ್ಳೇದನ್ನ ನನ್ನ ಕಾಲಿಗೆ ಕಟ್ಟಿದ್ರ, ನಾಳಿ ಕೆಟ್ಟದ್ದನ್ನೂ ಅಲ್ಲೇ ಕಟ್ತಾರ."

"ಓದಿದಾಕಿ ಭಾಳ ಮಾತಾಡ್ತಿ," ಎಂದು ಕಸ್ತೂರೆಮ್ಮ ನಕ್ಕು, ಅವಳ ಬಾಯಿಗೂ ಒಂದು ಪೇಡೆ ತುರುಕಿದ್ದಳು.

ಮಧ್ಯಾಹ್ನ ಗೋಣೆಪ್ಪನನ್ನು ನೋಡಲು ಗಿರಣಿಯ ಹಮಾಲ ಹೇಮಪ್ಪ ಬಂದ. ಮುರಿದ ಅವನ ಕೈ ಇನ್ನೂ ನೆಟ್ಟಗಾಗಿರಲಿಲ್ಲ.

"ನೀ ಎಲ್ಲಿ ಬಿದ್ದ್ಯೋ ಹೇಮಪ್ಪ?" ಎಂದು ಕೇಳಿದಳು ಕಸ್ತೂರೆಮ್ಮ.

"ಅದೇ ಹಲಗಿ ಮ್ಯಾಲ, ಅಕ್ಕ. ಅಣ್ಣ ಮುಂಜಾನಿ ಜಾರಿದ, ನಾ ಸಂಜಿಗೆ. ತೊಯ್ದ ನೆಲ್ಲು ಚೆಲ್ಲಿತ್ತು, ಯಾವನೂ ಬಳೀಲಿಲ್ಲ."

"ನಿಮ್ಮ ಮನಿಗೂ ಹೊಸಾ ಸೊಸಿ ಬಂದಿದ್ದಳೇನು?"

"ಎಲ್ಲಿ ಸೊಸಿ ಬಿಡಕ್ಕ, ನಂದೇ ಇನ್ನ ಮದುವಿ ಆಗಿಲ್ಲ!"

ಗೋಣೆಪ್ಪ ಬಹಳ ದಿನಗಳ ಮೇಲೆ ನಕ್ಕ. ಕಸ್ತೂರೆಮ್ಮ ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಸೀರೆ ಬದಲಿಸಿ, ಹಂಪವ್ವ ಏನೋ ಕೂಗುತ್ತಿದ್ದರೂ ತಿರುಗಿ ನೋಡದೆ ಕುಷ್ಟಗಿಗೆ ಹೊರಟಳು.

ಮರುದಿನ ಅಮೃತಾ ಅವಳ ಜೊತೆ ಹೊರಟಳು. ಪಂಚಮಿಯ ಮರುದಿನವೇ ಬ್ಯಾಗು ತುಂಬಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದಳಂತೆ. ಯಾಕೆ ತಡವಾಯಿತೆಂದು ಅವಳು ಕೇಳಲಿಲ್ಲ. ಹೇಳಬೇಕೆಂದುಕೊಂಡಿದ್ದ ಕಸ್ತೂರೆಮ್ಮ ಬಸ್ಸಿನಲ್ಲಿ ಕುಳಿತದ್ದೇ ಸೊಸೆಯ ಹೆಗಲ ಮೇಲೆ ತಲೆ ಇಟ್ಟು ನಿದ್ದೆಹೋದಳು.

ಮನೆ ಮುಟ್ಟುವಾಗ ಮುಸ್ಸಂಜೆ. ಅಮೃತಾ ಹೊಸ್ತಿಲ ಒಳಗೆ ಕಾಲಿಟ್ಟಳು, ಕರೆಂಟು ಹೋಯಿತು.

ಎತ್ತಿದ ಇನ್ನೊಂದು ಕಾಲನ್ನು ಅಮೃತಾ ಅಲ್ಲೇ ನಿಲ್ಲಿಸಿದಳು. ಕಸ್ತೂರೆಮ್ಮ ಹೊರಗೆ ಇಣುಕಿದಳು.

"ಹಂಪವ್ವ, ಬಂದು ನೋಡಿಲ್ಲಿ. ಬರೇ ನಮ್ಮನಿ ಅಲ್ಲ, ಓಣಿ ಪೂರಾ ಕತ್ತಲ ಐತಿ."

ಹಂಪವ್ವ ಬಂದಳು. ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಓಣಿ ಪೂರಾನ?" ಎಂದಳು, ಬೆರಗಿನಿಂದ. "ಯವ್ವಾ, ಎಂಥಾ ಗಟ್ಟಿ ಕಾಲ್ಗುಣ!"

ಕಸ್ತೂರೆಮ್ಮ ಸೊಸೆಯ ಹೆಗಲಿನಿಂದ ಬ್ಯಾಗು ಇಳಿಸಿಕೊಂಡಳು.

"ಎರಡೂ ಕಾಲು ಒಳಗ ಇಡವ್ವ," ಎಂದಳು. "ಬಾ, ರೊಟ್ಟಿ ಮಾಡೂದೈತಿ."