ಬಾರದವಳ ಹಾಜರಿ

ಸೊಣ್ಣಮ್ಮನಿಗೆ ಜ್ವರ ಹಿಡಿದದ್ದು ನಾಗಲಕ್ಷ್ಮಮ್ಮನ ಜೊತೆ ಮಾತು ಮುರಿದ ಮಾರನೆಯ ದಿನ.

ಜಗಳ ಅನ್ನುವಂಥದ್ದೇನೂ ಆಗಿರಲಿಲ್ಲ. ಅತ್ತಿಬೆಲೆಯ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಇಬ್ಬರೂ ಅಕ್ಕಪಕ್ಕ ನಿಂತು ಕೆಲಸ ಮಾಡುತ್ತ ವರ್ಷಗಳೇ ಉರುಳಿದ್ದವು. ಮಧ್ಯಾಹ್ನ ಒಬ್ಬಳ ಮುದ್ದೆ, ಇನ್ನೊಬ್ಬಳ ಸಾರು ಸೇರಿ ಒಂದೇ ಊಟವಾಗುತ್ತಿತ್ತು. ಅವತ್ತು ನಾಗಲಕ್ಷ್ಮಮ್ಮ ಸೊಸೆಯ ಬಗ್ಗೆ ಗೋಳು ತೋಡಿಕೊಳ್ಳುತ್ತಿದ್ದಾಗ ಸೊಣ್ಣಮ್ಮ ನಗುತ್ತಲೇ, "ನಿನ್ ಬಾಯೇನ್ ಕಮ್ಮಿನಾ, ಬುಡು" ಅಂದುಬಿಟ್ಟಳು. ನಾಗಲಕ್ಷ್ಮಮ್ಮ ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು. ನಾಳೆ ಸರಿಹೋಗುತ್ತಾಳೆ ಅಂದುಕೊಂಡು ಸೊಣ್ಣಮ್ಮ ಸುಮ್ಮನಾದಳು.

ಆ ನಾಳೆ ಸೊಣ್ಣಮ್ಮನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಶೀಟಿನ ಮಾಡಿನ ಬಾಡಿಗೆ ಕೋಣೆಯಲ್ಲಿ ಮೈ ಕೆಂಡವಾಗಿ, ಕೀಲುಗಳೆಲ್ಲ ಮುರಿದಂತಾಗಿ ಬಿದ್ದುಕೊಂಡಳು. ಫೋನು ಚಾರ್ಜು ಮುಗಿದು ಸತ್ತಿತ್ತು. ಕೆಲಸಕ್ಕೆ ಬರಲಿಲ್ಲವೆಂದರೆ ನಾಗಲಕ್ಷ್ಮಮ್ಮ ಹುಡುಕಿಕೊಂಡು ಬಂದೇ ಬರುತ್ತಾಳೆ ಎಂಬ ಧೈರ್ಯ ಅವಳಿಗಿತ್ತು. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ತಲೆ ಎತ್ತುತ್ತಿದ್ದಳು. ಸದ್ದು ಮುಂದಕ್ಕೆ ಹೋಗಿಬಿಡುತ್ತಿತ್ತು.

ಕೊನೆಗೆ ಬಾಗಿಲು ತಳ್ಳಿದವಳು ಪಕ್ಕದ ಕೋಣೆಯ ಒಡಿಶಾದ ಹೆಂಗಸು. ಅವಳಿಗೆ ಕನ್ನಡ ಬಾರದು, ಇವಳಿಗೆ ಅವಳ ಮಾತು ತಿಳಿಯದು. ಅವಳೇ ಆಟೋ ಕರೆದು ಸರ್ಕಾರಿ ಆಸ್ಪತ್ರೆಗೆ ಸೇರಿಸಿದಳು, ಚಾರ್ಜರ್ ಕೂಡ ತಂದುಕೊಟ್ಟಳು. ಡಾಕ್ಟರು ಡೆಂಗಿ ಅಂದರು. ವಾರ್ಡಿನಲ್ಲಿ ಫೋನು ಹೊತ್ತಿಕೊಂಡಾಗ ಸೊಣ್ಣಮ್ಮ ಕಣ್ಣು ಕಿರಿದಾಗಿಸಿ ನೋಡಿದಳು. ರೀಚಾರ್ಜ್ ಮಾಡಿಸಿ ಎಂಬ ಮೆಸೇಜುಗಳಿದ್ದವು. ಯಾರಾದರೂ ಫೋನು ಮಾಡಿದ್ದರೆ ಬರುವ ಮೆಸೇಜು ಒಂದೂ ಇರಲಿಲ್ಲ. ಒಂದು ಮಾತಿಗೆ ಇಷ್ಟೊಂದಾ ಅನ್ನಿಸಿತು. ತಾನಾಗಿ ಫೋನು ಮಾಡಲು ಮನಸ್ಸು ಬರಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು.

ಮೈಯಲ್ಲಿ ಕಸುವು ಬಂದ ಮೇಲೆ ಕಾರ್ಖಾನೆಗೆ ಹೋದಳು. ಗೇಟಿನ ಯಂತ್ರದ ಮೇಲೆ ಬೆರಳಿಟ್ಟರೆ ಅದು, "ಹಾಜರಿ ಈಗಾಗಲೇ ಆಗಿದೆ" ಅಂದಿತು. ಒರೆಸಿಕೊಂಡು ಮತ್ತೆ ಇಟ್ಟಳು. ಅದೇ ಮಾತು.

"ಆಗ್ಲೇ ಒಳಗಿದ್ದೀಯಲ್ಲಮ್ಮ, ಇನ್ನೊಂದ್ಸಲ ಯಾಕೆ ಒತ್ತುತೀಯಾ?" ಎಂದು ಕಾವಲಿನವನು ನಕ್ಕ.

"ಈಗಿನ್ನೂ ಆಸ್ಪತ್ರೆಯಿಂದ ಬತ್ತಾ ಇವ್ನಿ ಕಣಣ್ಣ. ಅದೆಂಗೆ ಒಳಗಿರ್ತೀನಿ?"

ಒಳಗೆ ನಾಗಲಕ್ಷ್ಮಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ವೇಣಿ ಎಂಬ ಹೊಸ ಹುಡುಗಿ ನಿಂತಿದ್ದಳು. ನಾಗಲಕ್ಷ್ಮಮ್ಮ ತಾನಾಗಿ ಕೇಳಿ ಜಿಗಣಿಯ ಘಟಕಕ್ಕೆ ಬದಲಿ ತೆಗೆದುಕೊಂಡು ಹೋದಳಂತೆ. ಸೊಣ್ಣಮ್ಮ ಕೆಲಸಕ್ಕೆ ನಿಲ್ಲದೆ, ಹಾಜರಿಯ ವಿಷಯ ಕೇಳಲು ನೇರ ಆಫೀಸಿಗೆ ಹೋದಳು.

ಅಲ್ಲಿ ಭದ್ರತೆಯ ಉಸ್ತುವಾರಿ ನೋಡುತ್ತಿದ್ದವಳು ವಿಜಯಪುರದ ಕಡೆಯ ಐಶ್ವರ್ಯಾ. "ಕುಂದ್ರಿ ಅಮ್ಮ, ಮೊದಲ ನೀರು ಕುಡೀರಿ" ಅಂದು, ಎಲ್ಲವನ್ನೂ ಕೇಳಿಸಿಕೊಂಡು ಗೇಟಿನ ಕ್ಯಾಮೆರಾ ಚಿತ್ರ ತೆಗೆದಳು. ಅದರಲ್ಲಿ, ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರನ ಮೇಸ್ತ್ರಿ ರಾಜೇಂದ್ರ ಯಂತ್ರದ ಮುಂದೆ ಬಂದು, ಜೇಬಿನಿಂದ ತೆಳ್ಳನೆಯ ರಬ್ಬರಿನಂಥದ್ದೊಂದನ್ನು ತೆಗೆದು ಬೆರಳಿಗೆ ಹಚ್ಚಿಕೊಂಡು ಒತ್ತಿದ. ಯಂತ್ರದ ಪರದೆಯಲ್ಲಿ ಸೊಣ್ಣಮ್ಮನ ಹೆಸರು ಮೂಡಿತು.

ಸೊಣ್ಣಮ್ಮನಿಗೆ ಈಗ ನೆನಪಾಯಿತು. "ನಿನ್ನ ಬೆರಳು ಸವೆದೋಗಿದೆ, ಯಂತ್ರ ಹಿಡೀತಿಲ್ಲ, ಇದಕ್ಕೆ ಒತ್ತು" ಅಂತ ಹಿಂದೊಮ್ಮೆ ರಾಜೇಂದ್ರ ಮೆತ್ತನೆಯ ಮೇಣದ ತುಂಡೊಂದನ್ನು ಮುಂದೆ ಹಿಡಿದಿದ್ದ. ಇವಳು ಒತ್ತಿದ ಆ ಅಚ್ಚಿನಿಂದಲೇ ರಬ್ಬರಿನಲ್ಲಿ ಬೆರಳಿನ ನಕಲು ಮಾಡಿಕೊಂಡಿದ್ದ. ಹೀಗೆ ಹಾಜರಿ ಬಿದ್ದ ಬಾರದವರ ಕೂಲಿ ಅವನ ಪಾಲಾಗುತ್ತಿತ್ತು.

"ಪಾಸ್‌ವರ್ಡ್ ಕದ್ದರ ಬದಲಿ ಮಾಡಬಹುದು. ಬೆರಳು ಎಲ್ಲಿಂದ ಬದಲಿ ಮಾಡೂದು?" ಎಂದಳು ಐಶ್ವರ್ಯಾ. "ಇದ ಬೆರಳಿಂದ ಬ್ಯಾಂಕಿನ ರೊಕ್ಕಾನೂ ತೆಗೀತಾರ. ನಿಮ್ಮ ಆಧಾರ್ ಬೆರಳಚ್ಚಿಗೂ ಇವತ್ತೇ ಲಾಕ್ ಹಾಕಿಸೋಣ."

ಸೊಣ್ಣಮ್ಮನ ಚಿಂತೆ ಬೇರೆಯೇ ಇತ್ತು. ಹೊರಗೆ ಬಂದು ನಾಗಲಕ್ಷ್ಮಮ್ಮನಿಗೆ ಫೋನು ಮಾಡಿದಳು.

"ಈಗ ನೆಪ್ಪಾದ್ನಾ?" ಎಂದಿತು ಆ ಕಡೆಯ ದನಿ. "ಹಾಜರಿ ಬೋರ್ಡ್ ಮೇಲೆ ದಿನಾ ನಿನ್ನೆಸ್ರು ಬತ್ತಿತ್ತು. ಮೇಸ್ತ್ರಿನ ಕೇಳಿದ್ರೆ, ನಿನ್ ಪಕ್ಕ ನಿಲ್ಲಕಿಲ್ಲ ಅಂತ ಗೋಡೌನಿಗೆ ಓಗವ್ಳೆ ಅಂದ. ನನ್ ಮಕ ನೋಡಕೂ ಬ್ಯಾಡ್ವಾಯ್ತಲ್ಲ ನಿಂಗೆ."

"ಜ್ವರದಲ್ಲಿ ಬಿದ್ದಿದ್ದೆ ಕಣಮ್ಮಿ. ನೀನ್ ಬತ್ತೀಯ ಅಂತ ಬಾಗಿಲು ನೋಡ್ಕಂಡಿದ್ದೆ."

ಆ ಕಡೆಯಿಂದ ಅಳು ಕೇಳಿಸಿತು.

ರಾಜೇಂದ್ರನ ಮೇಲೆ ಪೊಲೀಸ್ ದೂರು ಆಯಿತು. ಜೀವಂತ ಬೆರಳೋ ಅಲ್ಲವೋ ಎಂದು ಪರೀಕ್ಷಿಸುವ ಹೊಸ ಯಂತ್ರ ಬಂತು. ಬೆರಳಿನ ಜೊತೆ ಗುರುತಿನ ಕಾರ್ಡನ್ನೂ ತೋರಿಸಬೇಕು, ಬೆರಳಚ್ಚು ದಾಖಲಿಸುವ ಕೆಲಸ ಗುತ್ತಿಗೆದಾರನ ಕಡೆಯವರಿಗೆ ಇಲ್ಲ, ಕೆಲಸ ಶುರುವಾಗುವ ಮುಂಚೆ ಒಬ್ಬರು ನಿಂತು ಹೆಸರು ಕರೆಯಬೇಕು ಎಂದೆಲ್ಲ ಐಶ್ವರ್ಯಾ ನಿಯಮ ಮಾಡಿಸಿದಳು. ಆದರೆ ನಾಗಲಕ್ಷ್ಮಮ್ಮನ ಬದಲಿ ಮಾತ್ರ ರದ್ದಾಗಲಿಲ್ಲ. ಭಾನುವಾರ ಫೋನಿನಲ್ಲಿ ಮಾತಾಡುತ್ತಿದ್ದರು. ಮಾತು ಮೊದಲಿನಷ್ಟು ಸಲೀಸಾಗಿ ಹರಿಯುತ್ತಿರಲಿಲ್ಲ. ಸೊಸೆಯ ಸುದ್ದಿ ನಾಗಲಕ್ಷ್ಮಮ್ಮ ಎತ್ತುತ್ತಿರಲಿಲ್ಲ, ಇವಳೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಸೊಣ್ಣಮ್ಮ ಒಬ್ಬಳೇ ಕೂತು ಉಣ್ಣುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಹೆಸರು ಕರೆಯುವಾಗ ವೇಣಿ ಓಗೊಡಲಿಲ್ಲ. ಕರೆಯುವವನು ಗೈರು ಎಂದು ಬರೆದುಕೊಂಡು ಮುಂದಿನ ಹೆಸರಿಗೆ ಹೋದ. ಸೊಣ್ಣಮ್ಮನಿಗೆ ದಿನವೆಲ್ಲ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಸಂಜೆ ಎಳನೀರು ಕೊಂಡು, ದಾರಿ ವಿಚಾರಿಸಿಕೊಂಡು ಹುಡುಗಿಯ ಕೋಣೆ ಹುಡುಕಿದಳು. ಬಾಗಿಲಿಗೆ ಬೀಗ ಬಿದ್ದಿತ್ತು.

"ಅಕ್ಕನ ಸೀಮಂತ ಅಂತ ಊರಿಗೋದ್ಲು," ಎಂದಳು ಎದುರುಮನೆಯವಳು. "ನೀವು ಅವಳ್ಗೆ ಏನಾಗ್ಬೇಕು?"

"ಏನಿಲ್ಲ," ಅಂದಳು ಸೊಣ್ಣಮ್ಮ. "ಒಂದೇ ಕಡೆ ಕೆಲಸ."

ಹುಡುಗಿ ಚೆನ್ನಾಗಿದ್ದಾಳೆಂದು ಎದೆ ಹಗುರವಾಯಿತು. ಎಳನೀರನ್ನು ಆ ಹೆಂಗಸಿಗೇ ಕೊಟ್ಟು, ಲಾರಿಗಳ ಧೂಳಿನಲ್ಲಿ ಸೆರಗು ಮೂಗಿಗೆ ಹಿಡಿದು ತನ್ನ ಕೋಣೆಯ ಕಡೆ ನಡೆದಳು.