ಕೈ ತೊಡೆಯಡಿ

"ನಿನ್ನ ಐಫೋನು ಜೈಲು ಕಣೇ, ಜೈಲು! ಅವರು ಹಾಕಿದ ಕಡೆ ಬಿದ್ದಿರಬೇಕು." ತೈಸ್ತೊ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿದ. "ಆಂಡ್ರಾಯ್ಡ್ ಆದ್ರೆ ನಮಗೆ ಬೇಕಾದ ಹಾಗೆ ಮನೆ ಕಟ್ಕೋಬಹುದು."

"ನೋಡಿದ್ನಲ್ಲಪ್ಪ ನೀನು ಕಟ್ಟಿರೋ ಮನೆ. ಸಂತೆ ಅದು!" ಮಗಳು ಹೇನಿ ಅಪ್ಪ ಅಮ್ಮನಿಗಾಗಿ ಸಜ್ಜುಮಾಡಿದ್ದ ಫೋನನ್ನು ಎತ್ತಿ ಅವನ ಮುಖಕ್ಕೇ ಹಿಡಿದಳು. "ಹವಾಮಾನ, ಬಸ್ಸು, ಸುದ್ದಿ, ನದಿಯ ಮಂಜುಗಡ್ಡೆ ಎಷ್ಟು ದಪ್ಪ ಅಂತ ಬೇರೆ. ಅಮ್ಮ ಮೀನು ಹಿಡಿಯೋಕೆ ಹೋಗ್ತಾಳಾ? ನಾನು ತಂದಿರೋದು ನೋಡು. ಮಗು ಕೂಡ ಫೋನ್ ಮಾಡತ್ತೆ ಇದರಲ್ಲಿ."

"ನಿನ್ನಮ್ಮ ಮಗುವೇನೇ?"

"ಮಗು ಥರ ನೋಡ್ಕೊಳ್ತಿರೋನು ನೀನು!"

ಇಷ್ಟೂ ಜಗಳ ಯಾರಿಗಾಗಿಯೋ ಆ ಹೆಲ್ಲೆವಿ ಇಬ್ಬರ ನಡುವೆಯೇ ಕೂತಿದ್ದಳು. ಅವಳ ಮುಂದಿನ ತಟ್ಟೆಯಲ್ಲಿ ಏಲಕ್ಕಿ ಬನ್ನನ್ನು ತೈಸ್ತೊ ಹಕ್ಕಿಗೆ ಹಾಕುವ ಹಾಗೆ ಚೂರು ಚೂರು ಮಾಡಿಟ್ಟಿದ್ದ. ಶರತ್ಕಾಲದಲ್ಲಿ ಲಕ್ವ ಹೊಡೆದು ಅವಳ ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಶಬ್ದ: "ದರಿದ್ರ!" ಭಜನೆಯ ಮನೆಯಲ್ಲಿ ಬೆಳೆದು, ಜನ್ಮದಲ್ಲಿ ಒಂದು ಬೈಗುಳ ಆಡದವಳ ಬಾಯಲ್ಲಿ ದೇವರು ಉಳಿಸಿದ್ದು ಅದನ್ನು. ಅವಳ ಒಳಗೆ ಬುದ್ಧಿ ಮೊದಲಿನಂತೆಯೇ ಇತ್ತು. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು?

ಪುರಸಭೆಯ ದಾದಿ ತುಯಿಯಾ ಇವತ್ತು ನೋಡಲು ಬರುವವಳಿದ್ದಳು. ತೈಸ್ತೊ ಬಸ್ ಓಡಿಸಲು ಹೋದಾಗ ಹೆಲ್ಲೆವಿ ತಾನೇ ಫೋನ್ ಮಾಡಿ ಅವನನ್ನು ಕರೆಯಬಲ್ಲಳು ಎಂದಾದರೆ ಅವಳು ಮನೆಯಲ್ಲೇ ಇರಬಹುದು. ಆಗದಿದ್ದರೆ ಸೇತುವೆಯಾಚೆಯ ಆರೈಕೆ ಮನೆ. ಅಲ್ಲಿನ ಹಾಸಿಗೆಯನ್ನು ಆಗಲೇ ಅವಳ ಹೆಸರಿಗೆ ಕಾದಿಟ್ಟಿದ್ದರು.

ಉತ್ತರದ ಹಿಮನಾಡಿನ ಈ ಔಲು ಪಟ್ಟಣದಲ್ಲಿ ಫೋನಿನ ಜಗಳ ಹೊಸದಲ್ಲ. ಒಂದು ಕಾಲಕ್ಕೆ ಅರ್ಧ ಊರೇ ಇಲ್ಲಿನ ಕಂಪನಿಯಲ್ಲಿ ಫೋನ್ ಕಟ್ಟುತ್ತಿತ್ತು. ಕಂಪನಿಯೆಂಬ ತಮ್ಮ ಹಡಗು ಮುಳುಗಿದ ಮೇಲೆ ಈ ಗಂಡಸರು ಸೌನಾದ ಬಿಸಿ ಹಬೆಯಲ್ಲಿ ಬೆಂಚಿನ ಮೇಲೆ ಬೆವರು ಸುರಿಸುತ್ತ ಪರರ ಎರಡು ಹಡಗುಗಳಿಗಾಗಿ ಕಿತ್ತಾಡುತ್ತಾರೆ. ನಾಚಿಕೆಗೆಟ್ಟವರು! ತೈಸ್ತೊ ಆಗ ಫೋನಿನ ತಂತ್ರಾಂಶ ಬರೆಯುತ್ತಿದ್ದ. ಹೆಲ್ಲೆವಿ ಪರೀಕ್ಷೆಯ ಕೋಣೆಯ ಯಜಮಾನಿ. ಬೀದಿಯಲ್ಲಿ ಹೋಗುವವರನ್ನು ಕರೆದು ಕೂರಿಸಿ ಅವರ ಕೈಗೆ ಹೊಸ ಫೋನ್ ಕೊಡುತ್ತಿದ್ದಳು. ಅದನ್ನು ಮಾಡಿದ ಎಂಜಿನಿಯರುಗಳು ಪರೀಕ್ಷೆ ಮುಗಿಯಿತೆಂದು ಅವಳು ಹೇಳುವವರೆಗೆ ಪಕ್ಕದಲ್ಲಿ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಕೂರಬೇಕು. ಕೈ ಚಾಚಿದವನ ಫೋನ್ ಸೋತಂತೆ. ತೈಸ್ತೊಗೆ ಅಲ್ಲಿ ಎಷ್ಟು ಸಲ ಮಂಗಳಾರತಿ ಆಗಿತ್ತೋ ಲೆಕ್ಕವಿಲ್ಲ.

ತುಯಿಯಾ ಬಂದವಳೇ ಎರಡೂ ಫೋನುಗಳನ್ನು ಮೇಜಿನ ಮೇಲಿಟ್ಟಳು. "ಹೆಲ್ಲೆವಿ, ತೈಸ್ತೊಗೆ ಒಂದು ಫೋನ್ ಮಾಡಿ, ನೋಡೋಣ."

ಹೆಲ್ಲೆವಿ ಎಡಗೈಯನ್ನು ಮಗಳು ತಂದ ಫೋನಿನತ್ತ ಚಾಚಿದಳು. ಬೆರಳು ನಡುಗಿ ಪರದೆ ಜಾರಿ ಬೇರೆಲ್ಲಿಗೋ ಹೋಯಿತು. "ಮೇಲಕ್ಕೆ ಸರಿಸಮ್ಮ, ಇಲ್ಲಿ, ಹೀಗೆ," ಎಂದು ಹೇನಿ ಅವಳ ಬೆರಳನ್ನೇ ಹಿಡಿದುಕೊಂಡಳು.

"ದರಿದ್ರ!"

"ನಾನು ಹೇಳ್ಲಿಲ್ವಾ?" ತೈಸ್ತೊ ಗೆದ್ದವನ ಹಾಗೆ ತಾನು ಸಜ್ಜುಮಾಡಿದ ಫೋನನ್ನು ಮುಂದೆ ತಳ್ಳಿದ. "ಇದರಲ್ಲಿ ಮಾಡು. ಎರಡನೇ ಪುಟ. ಅಲ್ಲ ಕಣೇ, ಅದು ಹವಾಮಾನ. ಅದರ ಪಕ್ಕದ್ದು, ನನ್ನ ಮುಖ ಇರೋದು. ಕೊಡಿಲ್ಲಿ..."

"ದರಿದ್ರ! ದರಿದ್ರ!"

ಬನ್ನಿನ ಚೂರುಗಳು ನೆಲಕ್ಕೆ ಹಾರಿದವು. ತುಯಿಯಾ ನಿಟ್ಟುಸಿರು ಬಿಟ್ಟು ಪೆನ್ನು ತೆಗೆದಳು. ಅದನ್ನು ನೋಡಿ ಹೆಲ್ಲೆವಿಯ ಮುಖ ಕೆಂಡವಾಯಿತು. ಇಷ್ಟು ತಿಂಗಳಲ್ಲಿ ಒಂದು ಸಲವಾದರೂ ಇವರು ಫೋನನ್ನು ಅವಳ ಕೈಗೆ ಕೊಟ್ಟು ಸುಮ್ಮನಿದ್ದರೇ? ಅವಳು ತೈಸ್ತೊನನ್ನು ದುರುಗುಟ್ಟಿ ನೋಡಿದಳು. ನೋಡುತ್ತಲೇ ತನ್ನ ಎಡಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ತೂರಿಸಿದಳು.

ತೈಸ್ತೊನ ಬಾಯಿ ಅರ್ಧಕ್ಕೇ ನಿಂತಿತು. ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು ಎರಡೂ ಕೈಗಳನ್ನು ತೊಡೆಯಡಿ ಇಟ್ಟ.

"ಏನಪ್ಪ ಇದು?"

"ನೀನೂ ಇಡು. ಬಾಯಿ ಮುಚ್ಚು."

ಹೆಲ್ಲೆವಿ ಗಂಡ ಸಜ್ಜುಮಾಡಿದ ಫೋನನ್ನು ಎಳೆದುಕೊಂಡಳು. ಹವಾಮಾನದ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದು, ನಡುಗುತ್ತಲೇ ಮೇಲೆ ಎಳೆದು ಕಸಕ್ಕೆ ಎಸೆದಳು. ಒಂದು ಸಲ ಜಾರಿತು. ಮತ್ತೆ ಹಿಡಿದಳು. ಬಸ್ಸು ಹೋಯಿತು, ಸುದ್ದಿ ಹೋಯಿತು. ಪ್ರತಿಯೊಂದಕ್ಕೂ ಹಲ್ಲು ಕಚ್ಚಿಕೊಂಡು "ದರಿದ್ರ" ಎನ್ನುತ್ತಿದ್ದಳು. ತೈಸ್ತೊ ಎಷ್ಟೋ ಸಂಜೆ ಕೂತು ಜೋಡಿಸಿದ ನದಿಯ ಮಂಜುಗಡ್ಡೆಯೂ ಹೋಯಿತು. ಅವನ ಭುಜ ಒಮ್ಮೆ ಅದುರಿತು. ಕೈ ಮಾತ್ರ ಹೊರಗೆ ಬರಲಿಲ್ಲ.

ಕೊನೆಗೆ ಖಾಲಿ ಪರದೆಯ ಮೇಲೆ ಉಳಿದದ್ದು ತೈಸ್ತೊನ ಮುಖವೊಂದೇ. ಹೆಲ್ಲೆವಿ ಅದನ್ನು ಒತ್ತಿದಳು.

ತೈಸ್ತೊನ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತುಯಿಯಾಳ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ಎತ್ತಪ್ಪ," ಎಂದಳು ಹೇನಿ. ಅವಳ ಕೈಗಳೂ ತೊಡೆಯ ಕೆಳಗೇ ಇದ್ದವು.

ತೈಸ್ತೊ ಇಲ್ಲವೆಂದು ತಲೆಯಾಡಿಸಿದ. ಪರೀಕ್ಷೆ ಮುಗಿಯಿತೆಂದು ಹೇಳಬೇಕಾದವಳು ಹೆಲ್ಲೆವಿ. ಅವನ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು. ಒರೆಸಿಕೊಳ್ಳಲು ಅವನು ಕೈ ತೆಗೆಯಲಿಲ್ಲ.

ಹೆಲ್ಲೆವಿಗೆ ಅವಸರವಿರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಚೂರುಗಳನ್ನು ಪಕ್ಕಕ್ಕೆ ಸರಿಸಿ, ಬುಟ್ಟಿಯಿಂದ ಒಂದು ಇಡೀ ಬನ್ ಎತ್ತಿಕೊಂಡು ಕಚ್ಚಿದಳು. ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು.