ಇಪ್ಪತ್ತೈದನೆಯ ಆಟ

"ಈ ಕುಂಟ್ ಕುದ್ರೆಗೆ ಇನ್ನೊಂದ್ ವರ್ಷ ಹುಲ್ಲು ಹಾಕ್ಬೇಕಂತೆ, ಕೇಳಿದ್ರೇನ್ರಪ್ಪ?"

ಬಟ್ಟೆ ಬದಲಿಸುವ ಕೋಣೆಯಲ್ಲಿ, ಇಡೀ ತಂಡದೆದುರು, ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಬಿಂಕ್ಸ್ ಸಾಹೇಬರು ಡೀನ್ ಸಗ್ಡನ್‌ನ ಮೊಣಕಾಲನ್ನು ಬೂಟಿನ ತುದಿಯಿಂದ ತಟ್ಟಿ ಹೀಗೆಂದರು. ಎಲ್ಲರೂ ನಕ್ಕರು. ನಗಲೇಬೇಕು, ಮೇ ತಿಂಗಳಲ್ಲಿ ಎಲ್ಲರ ಕರಾರೂ ಮುಗಿಯುತ್ತದೆ.

ಸಗ್ಡನ್‌ಗೆ ಮೂವತ್ತನಾಲ್ಕು. ಡಿಫೆಂಡರ್. ಹನ್ನೊಂದು ವರ್ಷ ಈ ಕ್ಲಬ್ಬಿನ ಗೋಲಿನ ಮುಂದೆ ನಿಂತು ಕಂಡಕಂಡವರ ಮೊಣಕೈ, ಬೂಟು, ಹಣೆಗಳನ್ನೆಲ್ಲ ಮುಖದ ಮೇಲೆ ಹಾಕಿಸಿಕೊಂಡವನು. ಮೂಗು ಮೂರು ಸಲ ಮುರಿದಿತ್ತು. ಮೊಣಕಾಲಿಗೆ ಚುಚ್ಚಿದ ಸೂಜಿಗಳಿಗೆ ಲೆಕ್ಕವಿಲ್ಲ. ನೋವು ತೆಗೆದು ಕೀಲು ಸವೆಸುವ ಘನವಾದ ಔಷಧ ಅದು. ಇದನ್ನೆಲ್ಲ ಮೆಚ್ಚಿ ಕ್ಲಬ್ಬು ಅವನ ಚಿತ್ರವಿದ್ದ ಚಹಾ ಲೋಟವನ್ನು ತನ್ನ ಅಂಗಡಿಯಲ್ಲಿಟ್ಟಿತ್ತು. ಅವನಿಗೆ ಮಾತ್ರ ಕೊಂಚ ರಿಯಾಯಿತಿ.

ಕರಾರಿನಲ್ಲಿ ಒಂದು ಸಾಲಿತ್ತು. ಆಗಸ್ಟಿನಿಂದ ಮೇವರೆಗಿನ ಆಟದ ವರ್ಷದಲ್ಲಿ ಇಪ್ಪತ್ತೈದು ಪಂದ್ಯ ಆಡಿದರೆ ಮುಂದಿನ ವರ್ಷದ ಕೆಲಸ ತಾನಾಗಿಯೇ ಖಾಯಂ. ಕೊನೇ ನಿಮಿಷದಲ್ಲಿ ಇಳಿದರೂ ಅದೊಂದು ಪಂದ್ಯವೇ. ಇಪ್ಪತ್ತನಾಲ್ಕು ಮುಗಿದದ್ದು ಫೆಬ್ರವರಿಯಲ್ಲಿ. ಅಂದಿನಿಂದ ಅವನ ಆರೋಗ್ಯದ ಬಗ್ಗೆ ಆಡಳಿತಕ್ಕೆ ಹೆತ್ತ ತಾಯಿಗಿಂತ ಹೆಚ್ಚು ಕಾಳಜಿ ಹುಟ್ಟಿತ್ತು. ಪ್ರತಿ ಶನಿವಾರ ಬೆಂಚು.

ಬೇರೆ ಕೆಲಸವೆಂದರೆ ಭಾವಮೈದುನನ ಜೊತೆ ಸೂರಿಗೆ ಹೆಂಚು ಹೊದಿಸುವುದು. ಏಣಿ ಹತ್ತಬೇಕು. ಆ ಮೊಣಕಾಲಿಗೆ ಮನೆಯ ಮೆಟ್ಟಿಲೇ ಬೆಟ್ಟವಾಗಿತ್ತು.

ಇಂದು ವರ್ಷದ ಕೊನೆಯ ಪಂದ್ಯ. ಸೋತರೆ ಕ್ಲಬ್ಬು ಲೀಗಿನಿಂದಲೇ ಕೆಳಕ್ಕೆ. ಸಮಬಲವಾಗಿದ್ದಾಗ, ಆಟ ಮುಗಿಯಲು ಹತ್ತು ನಿಮಿಷವಿರುವಾಗ, ಎಳೆಯ ಡಿಫೆಂಡರ್ ಒಬ್ಬನ ಕಾಲು ಮುರಿಯಿತು. ಆ ಜಾಗಕ್ಕೆ ಬೆಂಚಿನಲ್ಲಿದ್ದವನು ಸಗ್ಡನ್ ಒಬ್ಬನೇ.

ಮಳೆಯಲ್ಲಿ ನೆನೆಯುತ್ತ ಮಾಂಸದ ಪೈ ತಿನ್ನುತ್ತಿದ್ದ ಜನ ಬಾಯಿ ಮಾಡಿದರು: "ಸಗ್ಡನ್ನ ಇಳಿಸ್ಲಾ ಹೆಪ್‌ವರ್ತ್! ಯಾರಪ್ಪನ್ ಅಪ್ಪಣೆಗೆ ಕಾಯ್ತಿದ್ದೀಯ?"

ಮ್ಯಾನೇಜರ್ ಹೆಪ್‌ವರ್ತ್ ಮೇಲಿನ ಸಾಲಿನ ಕಡೆ ನೋಡಿದ. ಬಿಂಕ್ಸ್ ಸಾಹೇಬರು ಕಾಗದ ಹಿಡಿದು ಖುದ್ದಾಗಿ ಇಳಿದು ಬಂದರು. ಮುಂಜಾಗ್ರತೆಯ ಮನುಷ್ಯ, ಟೈಪು ಮಾಡಿಸಿಯೇ ತಂದಿದ್ದರು.

"ಇವತ್ತಿನ ಆಟ ಆ ಇಪ್ಪತ್ತೈದಕ್ಕೆ ಸೇರೋಲ್ಲ ಅಂತ ಬರ್ದಿದೆ, ಅಷ್ಟೆ. ಸಹಿ ಹಾಕಯ್ಯಾ, ಇಳಿ."

"ಹಾಕ್ದಿದ್ರೆ?"

"ಕ್ಲಬ್ಬಿನ್ ಮೇಲೆ ಪ್ರೀತಿ ಇಲ್ವೇನಯ್ಯಾ ನಿಂಗೆ?"

ಗೆರೆಯ ಬಳಿ ಚೆಂಡಿಗೆ ಕಾಯುತ್ತಿದ್ದ ನಾಯಕ ಕೆವಿನ್ ಅರಚಿದ: "ಹಾಕ್‌ಬ್ಯಾಡ ಕಣ್ಲಾ ಡೀನ್! ತಂಡ ಬಿದ್ರೆ ಬೀಳ್ಲಿ! ನಾಳೆ ನಂಗೂ ಇದೇ ಕಾಗ್ದ ತತ್ತಾನೆ ಈ ಬೋಳಿಮಗ!"

"ಬೇಗ ಹಾಕೋ," ಎಂದರು ಸಾಹೇಬರು. "ಕುದ್ರೆಗ್ಯಾಕೆ ಓದು?"

ಸಗ್ಡನ್ ಕಾಗದವನ್ನು ಪೂರ್ತಿ ಓದಿದ. ಅಲ್ಪವಿರಾಮವನ್ನೂ ಬಿಡಲಿಲ್ಲ. ಅಷ್ಟರಲ್ಲಿ ಎದುರಾಳಿಗಳಿಗೆ ಕಾರ್ನರ್ ಕಿಕ್ ಸಿಕ್ಕಿತು. ಇವರ ಗೋಲಿನ ಮುಂದೆ ಹತ್ತೇ ಜನ.

ಅವನು ಬಾಗಿ, ಕಾಲುಚೀಲದೊಳಗಿಂದ ಮಳೆಗೆ ತೊಯ್ದ ಎರಡೂ ಮೊಣಕಾಲ ಕೆಳಗಿನ ರಕ್ಷಾಪಟ್ಟಿಗಳನ್ನು ಎಳೆದು, ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿ, ಸಾಹೇಬರ ಕೈಯಲ್ಲಿಟ್ಟ. ಜನರೆದುರೇ ಗೆರೆಯುದ್ದಕ್ಕೂ ಕುಂಟುತ್ತ ಹೊರಬಾಗಿಲ ಕಡೆ ನಡೆದ.

"ಏಯ್ ಸಗ್ಡನ್!" ಬಿಂಕ್ಸ್ ಸಾಹೇಬರು ಕೆಸರಿನಲ್ಲಿ ಹಿಂದೆಯೇ ಓಡಿದರು. "ಆಯ್ತು ಕಣಯ್ಯಾ, ಸಹಿ ಬೇಡ! ಈ ಆಟಾನೂ ಲೆಕ್ಕಕ್ಕಿರ್ಲಿ! ನಿನ್ ದಮ್ಮಯ್ಯಾ, ಬಾರೋ! ಡೀನ್! ಡೀನಪ್ಪಾ!"

ಹನ್ನೊಂದು ವರ್ಷದಲ್ಲಿ ಅವರು ಅವನನ್ನು ಡೀನ್ ಎಂದು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಹೊರಗಿನ ಕಾಂಕ್ರೀಟಿನ ಮೇಲೆ ಅವನ ಬೂಟಿನ ಮೊಳೆಗಳು ಟಕಟಕ ಎನ್ನುತ್ತ ದೂರವಾದವು.